ರೆಕ್ಕೆಗೆ ರಂಪಣಿ ಗಂಟು

ವಿಮಾನದ ರೆಕ್ಕೆಗೆ ಬಟ್ಟೆ ಹೊದಿಸಿರುತ್ತಾರೆ ಎಂದು ಅರವತ್ತೆಂಟು ವರ್ಷ ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಹೆದರಿಕೆ ಆಗಲಿಲ್ಲ, ಸಿಟ್ಟು ಬಂತು. ನನ್ನ ಮಗಳ ಮಗಳು ಎರಡು ತಿಂಗಳಿಂದ ಅದರಲ್ಲೇ ಮೇಲೆ ಹೋಗಿ ಬರುತ್ತಿದ್ದಳು. ಒಬ್ಬರಾದರೂ ನನಗೆ ಹೇಳಿರಲಿಲ್ಲ. ಎಲ್ಲ ವಿಮಾನವೂ ಹಾಗಲ್ಲ. ನಾವು ಮಂಗಳೂರಿಗೆ ಹೋಗಿ ಬರುವ ದೊಡ್ಡ ವಿಮಾನ ತಗಡಿನದ್ದು. ಇದು ಹಳದಿ ಬಣ್ಣದ, ಇಬ್ಬರೇ ಕೂರುವ, ಮೂಗಿನ ಮೇಲೆ ಒಂದು ಫ್ಯಾನು ಇರುವ ಸಣ್ಣದು. ಒಳಗೆ ಮರದ ಪಕ್ಕೆಲುಬು, ಮೇಲೆ ಬಟ್ಟೆ.

ನಾನಿರುವುದು ಒಮಾನಿನ ಒಂದು ಸಣ್ಣ ದ್ವೀಪದಲ್ಲಿ. ಮೀನು, ಆಡು, ಗಾಳಿ ಇಲ್ಲಿ ಬೇಕಾದಷ್ಟಿವೆ. ಉಳಿದದ್ದೆಲ್ಲ ಫೆರ್ರಿಯಲ್ಲಿ ಬರಬೇಕು. ಮಗಳು ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಮಸ್ಕತ್‌ನಲ್ಲಿ, ಘಾಲಾದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ತಿಂಗಳಿಗೆ ಎರಡು ಸಲ ಫೆರ್ರಿ ಹತ್ತಿ ಬರುತ್ತಾನೆ, ಬಂದವನು ಹೆಚ್ಚಾಗಿ ನಿದ್ದೆ ಮಾಡುತ್ತಾನೆ. ಮೊಮ್ಮಗಳು ಅಪ್ಪನ ಜೊತೆ ಇದ್ದುಕೊಂಡು ಅಲ್ ಗುಬ್ರಾದ ಶಾಲೆಯಲ್ಲಿ ಹನ್ನೆರಡನೆಯದು ಮುಗಿಸಿದಳು. ಮುಂದೆ ಏನು ಓದಬೇಕು ಎಂದು ಗೊತ್ತಾಗದೆ ಒಂದು ವರ್ಷ ಇಲ್ಲಿಗೆ ಬಂದು ಕೂತಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ನನಗೆ ಅರ್ಥವಾಗುವುದಿಲ್ಲ ಎಂದು ಅವಳು ತಿಳಿದುಕೊಂಡಿದ್ದಾಳೆ.

ದ್ವೀಪದ ಹಳೆಯ ರನ್‌ವೇಯ ತುದಿಯಲ್ಲಿ ಒಂದು ಫ್ಲೈಯಿಂಗ್ ಕ್ಲಬ್ ಇದೆ. ಕ್ಲಬ್ ಎಂದರೆ ತಗಡಿನ ಒಂದು ದೊಡ್ಡ ಶೆಡ್ಡು, ಅದಕ್ಕೆ ತಾಗಿ ಒಂದು ಕೋಣೆ, ಒಂದು ನಲ್ಲಿ. ನಡೆಸುವವರು ಇಲ್ಲಿನವರೇ, ವಾಯುಪಡೆಯಲ್ಲಿದ್ದು ನಿವೃತ್ತರಾದ ಒಬ್ಬ ಕ್ಯಾಪ್ಟನ್. ಗುರುವಾರ ಸಂಜೆ ಮಸ್ಕತ್‌ನಿಂದ ಸದಸ್ಯರು ಬರುತ್ತಾರೆ. ಹಲ್ಲಿನ ಡಾಕ್ಟರು ಒಬ್ಬರು, ಮೀನಿನ ವ್ಯಾಪಾರದ ಅಣ್ಣತಮ್ಮಂದಿರು ಇಬ್ಬರು, ಕಲ್ಲು ಪರೀಕ್ಷೆ ಮಾಡುವ ಬಿಳಿಯ ಒಬ್ಬ. ಶುಕ್ರವಾರ ಹಾರುತ್ತಾರೆ, ಶನಿವಾರ ಹಾರಿದ್ದರ ಬಗ್ಗೆ ಮಾತಾಡುತ್ತಾರೆ. ಮೊದಲ ಸಲ ನೋಡಿದಾಗ ಅವರು ಡಬ್ಬಿಯ ಬೀನ್ಸನ್ನು ಬಿಸಿ ಕೂಡ ಮಾಡದೆ ತಿನ್ನುತ್ತಿದ್ದರು. ಇಷ್ಟು ದುಡ್ಡಿರುವವರು ಹೀಗೆ ತಿನ್ನುವುದನ್ನು ನನಗೆ ನೋಡಲಾಗಲಿಲ್ಲ. ಮರುವಾರ ಅನ್ನ ಮತ್ತು ಬಂಗುಡೆ ಸಾರು ಮಾಡಿ ತೆಗೆದುಕೊಂಡು ಹೋದೆ. ಅಂದಿನಿಂದ ಶುಕ್ರವಾರದ ಅಡುಗೆ ನನ್ನದು.

ಅಡುಗೆಯ ಜೊತೆಗೆ ಬೇರೆ ಕೆಲಸಗಳೂ ಅಂಟಿಕೊಂಡವು. ವಿಮಾನ ಏಳುವ ಮೊದಲು ರನ್‌ವೇಯಿಂದ ಆಡುಗಳನ್ನು ಓಡಿಸಬೇಕು. ಕ್ಯಾಪ್ಟನ್ ಜೀಪಿನಲ್ಲಿ ಹೋಗಿ ಹಾರ್ನ್ ಹೊಡೆದರೆ ಅವು ಹೋಗುವುದಿಲ್ಲ, ಅವರನ್ನೇ ನೋಡುತ್ತಾ ನಿಲ್ಲುತ್ತವೆ. ನಾನು ಗುಡಿಸುವ ಹಿಡಿಸೂಡಿ ಎತ್ತಿದರೆ ಹೋಗುತ್ತವೆ. ಆಮೇಲೆ ಕಂಬದ ಮೇಲಿನ ಚೀಲ. ಗಾಳಿ ಯಾವ ಕಡೆಯಿಂದ ಎಂದು ತೋರಿಸಲು ಬಟ್ಟೆಯ ಉದ್ದ ಚೀಲ ಕಟ್ಟಿರುತ್ತಾರೆ. ಇಲ್ಲಿನ ಗಾಳಿಗೆ ಅದು ಎರಡು ತಿಂಗಳಿಗೊಮ್ಮೆ ಹರಿಯುತ್ತದೆ. ಹರಿದದ್ದನ್ನು ನೋಡಿ ಹೊಲಿದು ಕೊಟ್ಟೆ. ನನ್ನ ಹೊಲಿಗೆ ಆರು ತಿಂಗಳು ತಡೆಯಿತು.

ಮೊಮ್ಮಗಳನ್ನು ಕ್ಲಬ್ಬಿಗೆ ಎಳೆದುಕೊಂಡು ಹೋದವಳೂ ನಾನೇ. ಮನೆಯಲ್ಲಿ ಮೊಬೈಲು ಹಿಡಿದು ಬಿದ್ದಿರುವ ಬದಲು ಬಂದು ಈರುಳ್ಳಿ ಹೆಚ್ಚು ಎಂದೆ. ಈರುಳ್ಳಿ ಹೆಚ್ಚಿದ್ದು ಒಂದೇ ವಾರ. ಆಮೇಲೆ ಕ್ಯಾಪ್ಟನ್‌ಗೆ ರಿಜಿಸ್ಟರ್ ಬರೆದು ಕೊಡುವ ಕೆಲಸ ಹಿಡಿದಳು. ಯಾರು ಎಷ್ಟು ಹೊತ್ತಿಗೆ ಹೋದರು, ಎಷ್ಟು ಹೊತ್ತಿಗೆ ಬಂದರು. ಅದಕ್ಕೆ ಬದಲಾಗಿ ಕ್ಯಾಪ್ಟನ್ ಅವಳಿಗೆ ಹಾರಲು ಕಲಿಸತೊಡಗಿದರು. ಹುಡುಗಿಗೆ ಒಳ್ಳೆಯ ಕೈ ಇದೆ ಎಂದು ನನ್ನ ಹತ್ತಿರ ಹಿಂದಿಯಲ್ಲಿ ಹೇಳಿದರು. ಮನೆಯಲ್ಲಿ ಅವಳು ಒಂದು ಲೋಟ ತೊಳೆದರೆ ಒಡೆಯುತ್ತದೆ. ಆದರೂ ನಾನು ಸುಮ್ಮನಿದ್ದೆ, ಯಾಕೆಂದರೆ ಆ ಚಳಿಗಾಲದಲ್ಲಿ ಅವಳು ಮೊದಲ ಸಲ ಬೆಳಿಗ್ಗೆ ನನಗಿಂತ ಮುಂಚೆ ಎದ್ದಳು.

ಕಲಿಯುವವರು ಒಂದು ದಿನ ಗುರುವಿಲ್ಲದೆ ಒಬ್ಬರೇ ಹಾರಿ ಇಳಿಯಬೇಕು. ಅದಾದರೆ ಅರ್ಧ ಗೆದ್ದ ಹಾಗೆ. ಅವಳಿಗೆ ಆ ದಿನ ಹತ್ತಿರ ಬಂದಿತ್ತು. ಜೂನ್‌ನಲ್ಲಿ ಮಂಗಳೂರಿನ ಕಾಲೇಜಿಗೆ ಸೇರಬೇಕು, ಟಿಕೆಟ್ ಆಗಿತ್ತು. ಮೇ ಕೊನೆಗೆ ಇಲ್ಲಿ ತೆಂಕಣ ಗಾಳಿ ಏಳುತ್ತದೆ. ಎದ್ದರೆ ಮೂರು ನಾಲ್ಕು ತಿಂಗಳು ಸಣ್ಣ ವಿಮಾನ ಶೆಡ್ಡಿನಿಂದ ಹೊರಗೆ ಬರುವುದಿಲ್ಲ. ಒಬ್ಬಳೇ ಹಾರುವುದಿದ್ದರೆ ಗಾಳಿಗೆ ಮೊದಲು ಹಾರಬೇಕು. ಇಲ್ಲದಿದ್ದರೆ ಇಷ್ಟು ಕಲಿತದ್ದು ಹೊಳೆಗೆ ಹಾಕಿದ ಹಾಗೆ. ಹೀಗಿರುವಾಗ, ಚಳಿ ಇಳಿಯುವ ಹೊತ್ತಿಗೆ, ಹಳದಿ ವಿಮಾನದ ವರ್ಷದ ಪರೀಕ್ಷೆ ಬಂತು.

ಪರೀಕ್ಷೆ ಮಾಡಿದವರು ಕ್ಲಬ್ಬಿನ ಇಂಜಿನಿಯರು. ಮಂಗಳೂರಿನ ಹತ್ತಿರದ ಕೊಂಕಣಿ ಕ್ರೈಸ್ತರು. ನಮ್ಮ ಕಡೆ ಅಂಥವರನ್ನು ಪೊರ್ಬುಗಳು ಎನ್ನುವುದು, ನಾನೂ ಹಾಗೆಯೇ ಕರೆಯುತ್ತೇನೆ. ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ನನಗಿಂತ ಎರಡೇ ವರ್ಷ ಸಣ್ಣವರು. ನಾವು ಮಾತಾಡುವುದು ತುಳುವಿನಲ್ಲಿ, ಆದರೆ ಬರೆಯಲು ನನಗೆ ಬರುವುದು ಮೂರನೆಯ ಕ್ಲಾಸಿನ ಕನ್ನಡ ಮಾತ್ರ. ಅವರು ರೆಕ್ಕೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಹಳೆಯ ಹಪ್ಪಳ ಒಡೆದ ಹಾಗೆ ಬೆರಳು ಒಳಗೆ ಹೋಯಿತು. ಬಿಸಿಲು ಬಟ್ಟೆಯನ್ನು ತಿಂದು ಮುಗಿಸಿತ್ತು. ಅಂದೇ ನನಗೆ ಅದು ಬಟ್ಟೆ ಎಂದು ಗೊತ್ತಾದದ್ದು.

ಕ್ಲಬ್ಬಿನಲ್ಲಿ ಇನ್ನೊಂದು ವಿಮಾನ ಇತ್ತು, ತಗಡಿನದ್ದು. ಅದು ಹಲ್ಲಿನ ಡಾಕ್ಟರದ್ದು. ಕಲಿಯುವವರಿಗೆ ಅವರು ಅದನ್ನು ಕೊಡುವುದಿಲ್ಲ, ಒರೆಸಲಿಕ್ಕೂ ಕೊಡುವುದಿಲ್ಲ. ಹಾಗಾಗಿ ಹಳದಿಯದ್ದು ಸರಿಯಾಗದೆ ಮೊಮ್ಮಗಳಿಗೆ ದಾರಿಯಿಲ್ಲ.

ಹೊಸ ಬಟ್ಟೆ ಬಂತು. ಹಳೆಯದನ್ನು ಸುಲಿದು, ಮರದ ಪಕ್ಕೆಲುಬುಗಳನ್ನು ಒರೆಸಿ, ಹೊಸದನ್ನು ಅಂಚಿನಲ್ಲಿ ಅಂಟಿಸಿದರು. ಆಮೇಲೆ ಇಸ್ತ್ರಿ ಪೆಟ್ಟಿಗೆ ತಂದು ಇಸ್ತ್ರಿ ಹಾಕಿದರು. ನಾನು ನಕ್ಕೆ. ಆದರೆ ಇಸ್ತ್ರಿಯ ಬಿಸಿಗೆ ಬಟ್ಟೆ ಕುಗ್ಗಿ ಚೆಂಡೆಯ ಚರ್ಮದ ಹಾಗೆ ಬಿಗಿಯಾಯಿತು. ಬೆರಳಿನಿಂದ ಹೊಡೆದರೆ ಢಂ ಎನ್ನುತ್ತಿತ್ತು. ಅಷ್ಟಕ್ಕೇ ಸಾಲದು. ಮೇಲೆ ಹೋದಾಗ ಗಾಳಿ ಬಟ್ಟೆಯನ್ನು ಮೇಲಕ್ಕೆ ಹೀರುತ್ತದಂತೆ. ಅದಕ್ಕೆ ಪ್ರತಿ ಪಕ್ಕೆಲುಬಿಗೂ ಬಟ್ಟೆಯನ್ನು ಹೊಲಿದು ಕಟ್ಟಬೇಕು. ಒಂದು ಮೊಳದ ಸೂಜಿ, ಮೇಣ ಹಚ್ಚಿದ ದಾರ. ಈ ಕಡೆಯಿಂದ ಚುಚ್ಚಿ ಆ ಕಡೆ ತೆಗೆಯುವುದು, ಅಲ್ಲಿಂದ ತಿರುಗಿ ಈ ಕಡೆ, ಪಕ್ಕೆಲುಬನ್ನು ಸುತ್ತಿ ಒಂದು ಗಂಟು. ಮೂರು ಬೆರಳಿಗೊಂದು ಗಂಟು. ಒಂದು ರೆಕ್ಕೆಗೆ ನೂರಾರು ಆಗುತ್ತದೆ.

ಪೊರ್ಬುಗಳಿಗೆ ಅದೇ ವರ್ಷ ಕಣ್ಣಿನ ಪೊರೆ ತೆಗೆದಿದ್ದರು. ಬೆರಳುಗಳೂ ನೆಟ್ಟಗೆ ಮಡಚುತ್ತಿರಲಿಲ್ಲ. ಪುಸ್ತಕವನ್ನು ತೆರೆದು ಮುಂದಿಟ್ಟುಕೊಂಡು, ಚಿತ್ರ ನೋಡಿ ಗಂಟು ಹಾಕುತ್ತಿದ್ದರು. ಚಹಾ ಕೊಡಲು ಹೋದ ನಾನು ಸ್ವಲ್ಪ ಹೊತ್ತು ನೋಡಿದೆ.

“ಎಂತ ಪೊರ್ಬುಗಳೆ, ಶೂ ಲೇಸು ಕಟ್ತಾ ಇದ್ದೀರಾ?” ಎಂದೆ.

“ನಿಮಗೆ ಬರುದಾದ್ರೆ ನೀವೇ ಹಾಕಿ ಅಕ್ಕ,” ಎಂದರು ಬೇಸರದಲ್ಲಿ.

ಚಿತ್ರ ನೋಡಿದೆ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಗಂಟು ಓದಲು ಬರುತ್ತದೆ. ಅದು ನಮ್ಮ ರಂಪಣಿಯ ಗಂಟು. ಸಮುದ್ರದ ದಡದಿಂದ ಊರಿನವರೆಲ್ಲ ಸೇರಿ ಎಳೆಯುವ ಉದ್ದ ಬಲೆಗೆ ರಂಪಣಿ ಎನ್ನುವುದು. ಬಲೆಯನ್ನು ಅಂಚಿನ ಹಗ್ಗಕ್ಕೆ ಕಟ್ಟುವಾಗ ನಮ್ಮ ಮನೆಯ ಹೆಂಗಸರು ಹಾಕುತ್ತಿದ್ದ ಗಂಟು. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅತ್ತೆ ನನ್ನ ಕೈಗೆ ಬಡಿದು ಬಡಿದು ಕಲಿಸಿದ್ದು. ಸುತ್ತು ಒಂದು ಹೆಚ್ಚಿತ್ತು, ಅಷ್ಟೇ ವ್ಯತ್ಯಾಸ. ಪೊರ್ಬುಗಳ ಕೈಯಿಂದ ಸೂಜಿ ತೆಗೆದುಕೊಂಡು ಐದು ಗಂಟು ಹಾಕಿದೆ. ಅವರು ಕನ್ನಡಕ ಮೂಗಿಗೆ ಇಳಿಸಿ ನೋಡಿದರು, ಎಳೆದು ನೋಡಿದರು, ಅಳತೆ ಪಟ್ಟಿ ಇಟ್ಟು ನೋಡಿದರು. ಆಮೇಲೆ ಕ್ಯಾಪ್ಟನ್‌ರನ್ನು ಕರೆದರು. ಕ್ಯಾಪ್ಟನ್ ನೋಡಿ ಹಿಂದಿಯಲ್ಲಿ, ನಾಳೆಯಿಂದ ಅಡುಗೆ ಬೇಡ, ಇದನ್ನು ಮಾಡಿ ಎಂದರು. ಅಡುಗೆಯೂ ಮಾಡುತ್ತೇನೆ ಎಂದೆ. ಬೀನ್ಸ್ ನೆನಪಿತ್ತು.

ರೆಕ್ಕೆಯನ್ನು ಬಾಗಿಲಿನ ಹಾಗೆ ನೆಟ್ಟಗೆ ನಿಲ್ಲಿಸಿದ್ದರು. ಈ ಕಡೆ ನಾನು, ಆ ಕಡೆ ಮೊಮ್ಮಗಳು. ನಾನು ಸೂಜಿ ತಳ್ಳಿದರೆ ಅವಳು ಆ ಕಡೆಯಿಂದ ಎಳೆದು ಮತ್ತೆ ನನ್ನ ಕಡೆಗೆ ಕಳಿಸಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಒಂದು ತಿಂಗಳು ಹಾಗೆ ನಿಂತೆವು. ಮುಖ ಕಾಣದೆ ಇದ್ದದ್ದಕ್ಕೋ ಏನೋ, ಅವಳು ಮಾತಾಡಿದಳು, ಅದೂ ಕನ್ನಡದಲ್ಲಿ. ಕಾಲೇಜಿಗೆ ಸೇರುವುದು ಅಪ್ಪ ಹೇಳಿದ್ದಕ್ಕೆ ಎಂದಳು. ಹಾರುವುದನ್ನು ಮಾತ್ರ ಯಾರೂ ಹೇಳದೆ ತಾನಾಗಿ ಮಾಡಿದ್ದು ಎಂದಳು. ಒಬ್ಬಳೇ ಒಂದು ಸುತ್ತು ಹಾಕಿ ಇಳಿದರೆ ಮಂಗಳೂರಿನಲ್ಲಿ ಬೇರೆ ಏನು ಓದಿದರೂ ಪರವಾಗಿಲ್ಲ, ಮುಂದೆ ಇದಕ್ಕೇ ತಿರುಗಿ ಬರಬಹುದು ಎಂದು ತನಗೆ ಧೈರ್ಯ ಬರುತ್ತದೆ ಎಂದಳು. ನಾನು ಸೂಜಿ ನೆಟ್ಟಗೆ ಹಿಡಿ ಎಂದೆ. ಆದರೆ ಕೇಳಿಸಿಕೊಂಡೆ.

ಈಗ ನನ್ನ ತಪ್ಪಿನ ಮಾತು ಹೇಳಬೇಕು.

ನಮ್ಮ ಮನೆಯ ಹೆಂಗಸರಿಗೆ ಒಂದು ರೂಢಿ ಇತ್ತು. ಸಂಜೆ ಬಲೆಯ ಕೆಲಸ ಬಿಟ್ಟು ಏಳುವಾಗ ಕೊನೆಯ ಗಂಟು ಕಟ್ಟುತ್ತಿರಲಿಲ್ಲ. ದಾರ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ ಏಳುವುದು. ಬೆಳಿಗ್ಗೆ ಬಂದವರು ಮೊದಲು ಆ ಗಂಟು ಬಿಗಿದು ಮುಂದಿನದಕ್ಕೆ ಹೋಗುವುದು. ಕಟ್ಟಿ ಎದ್ದರೆ ಕೆಲಸ ಮುಗಿಯಿತು ಎಂದು ಕೈ ತಿಳಿದುಕೊಳ್ಳುತ್ತದೆ, ನಾಳೆ ಬಲೆಯ ಹತ್ತಿರ ಬರಲು ಸೋಮಾರಿತನ ಮಾಡುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ನಾನು ಅದನ್ನು ನಂಬುವುದೂ ಇಲ್ಲ, ನಂಬದೆ ಇರುವುದೂ ಇಲ್ಲ. ಐವತ್ತು ವರ್ಷ ಹಾಗೆ ಮಾಡಿದ ಕೈ ಅದು. ರೆಕ್ಕೆಯಲ್ಲಿಯೂ ಹಾಗೆಯೇ ಮಾಡಿತು. ಪ್ರತಿ ಸಂಜೆ ಒಂದು ಗಂಟು ಬಿಟ್ಟೆ, ಪ್ರತಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಿಗಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದು ಅನ್ನಿಸಲೇ ಇಲ್ಲ.

ಎಡ ರೆಕ್ಕೆಯ ಹೊಲಿಗೆ ಮುಗಿದ ಸಂಜೆಯೂ ಒಂದು ಬಿಟ್ಟೆ. ತುದಿಯಿಂದ ಒಂಬತ್ತನೆಯ ಪಕ್ಕೆಲುಬು, ಹಿಂದಿನ ಅಂಚಿನ ಹತ್ತಿರದ್ದು. ಮರುದಿನ ಬೆಳಿಗ್ಗೆ ಮಗಳು ನನ್ನನ್ನು ಸಕ್ಕರೆ ಪರೀಕ್ಷೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತ, ತಿಂದು ಎರಡು ಗಂಟೆ ಬಿಟ್ಟು ಇನ್ನೊಂದು ಸಲ. ಕ್ಲಬ್ಬಿಗೆ ಬರುವಾಗ ಹನ್ನೊಂದು ಆಗಿತ್ತು. ಪೊರ್ಬುಗಳು ಬಿಸಿಲು ಏರುವ ಮೊದಲೇ ಎಲ್ಲ ಹೊಲಿಗೆಯ ಮೇಲೂ ಬಟ್ಟೆಯ ಪಟ್ಟಿ ಅಂಟಿಸಿ, ಮೊದಲ ಬಣ್ಣವನ್ನೂ ಬಳಿದಿದ್ದರು.

“ಎಡದ್ದು ಖಲಾಸ್ ಅಕ್ಕ,” ಎಂದರು ಖುಷಿಯಲ್ಲಿ. ನಾನೂ ಖುಷಿಪಟ್ಟೆ. ಅನ್ನಕ್ಕೆ ಅಕ್ಕಿ ತೊಳೆದೆ. ಗಂಟಿನ ನೆನಪೇ ಆಗಲಿಲ್ಲ.

ಬಲಗಡೆಯದ್ದೂ ಮುಗಿಯಿತು. ಬಣ್ಣದ ಮೇಲೆ ಬಣ್ಣ ಬಿತ್ತು, ಕೊನೆಗೆ ಹಳದಿ. ರೆಕ್ಕೆಗಳನ್ನು ವಿಮಾನಕ್ಕೆ ಜೋಡಿಸಿದರು. ಮಸ್ಕತ್‌ನಿಂದ ಇನ್‌ಸ್ಪೆಕ್ಟರ್ ಬಂದು ನೋಡಿ ಸಹಿ ಹಾಕಿದರೆ ಹಾರಬಹುದು. ಅವರು ಬರಲು ಎರಡು ದಿನ ಇತ್ತು. ಮೊಮ್ಮಗಳು ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಸುತ್ತು ಹಾಕಿಟ್ಟಿದ್ದಳು.

ಆ ಬೆಳಿಗ್ಗೆ ನಾನು ಮನೆಯಲ್ಲಿ ಕೂತು ದಿಂಬಿನ ಚೀಲ ಹೊಲಿಯಲು ತೆಗೆದುಕೊಂಡೆ. ಹಿಂದಿನ ಸಂಜೆ ಅರ್ಧಕ್ಕೆ ಬಿಟ್ಟದ್ದು. ಕೈ ತಾನಾಗಿ ಹೋಗಿ, ಬಿಟ್ಟ ಹೊಲಿಗೆಯನ್ನು ಹುಡುಕಿ ಬಿಗಿಯಿತು. ಆಗ ರೆಕ್ಕೆ ನೆನಪಾಯಿತು. ಒಂಬತ್ತನೆಯ ಪಕ್ಕೆಲುಬನ್ನು ಯಾವ ಬೆಳಿಗ್ಗೆ ಬಿಗಿದೆ ಎಂದು ಹುಡುಕಿದೆ. ಅಂಥ ಬೆಳಿಗ್ಗೆ ಇರಲಿಲ್ಲ. ಅಂದು ಬೆಳಿಗ್ಗೆ ನಾನು ಆಸ್ಪತ್ರೆಯ ಬೆಂಚಿನಲ್ಲಿ ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದೆ.

ಹೇಳಬೇಕಾ ಬೇಡವಾ ಎಂದು ಯೋಚಿಸಲಿಲ್ಲ ಎಂದರೆ ಸುಳ್ಳು. ಮನೆಯಿಂದ ಶೆಡ್ಡಿಗೆ ಹದಿನೈದು ನಿಮಿಷದ ದಾರಿ. ದಾರಿಯುದ್ದಕ್ಕೂ ಯೋಚಿಸಿದೆ. ನೂರಾರು ಗಂಟಿನಲ್ಲಿ ಒಂದು. ಮೇಲೆ ಪಟ್ಟಿ ಇದೆ, ಬಣ್ಣ ಇದೆ. ಹೇಳಿದರೆ ಪಟ್ಟಿ ಕೀಳಬೇಕು, ಮತ್ತೆ ಬಣ್ಣ, ಇನ್‌ಸ್ಪೆಕ್ಟರ್ ತಿರುಗಿ ಹೋಗುತ್ತಾರೆ, ಗಾಳಿ ಬರುತ್ತದೆ, ಹುಡುಗಿ ಹಾರದೆ ಹೋಗುತ್ತಾಳೆ. ಹೇಳದಿದ್ದರೆ ಆ ಗಂಟಿಲ್ಲದ ರೆಕ್ಕೆಯಲ್ಲಿ ಕೂತು ಒಬ್ಬಳೇ ಹೋಗುವವಳು ಅದೇ ಹುಡುಗಿ. ಶೆಡ್ಡಿನ ಬಾಗಿಲು ಬಂತು. ಒಳಗೆ ಹೋಗಿ ಹೇಳಿದೆ.

ಪೊರ್ಬುಗಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. “ಸಾಯ್ಬಾ,” ಎಂದರು ದೇವರನ್ನು. ಪಟ್ಟಿ ಅಂಟಿಸುವ ಮೊದಲು ಗಂಟುಗಳನ್ನು ಎಣಿಸಿದ್ದರಂತೆ. ಸುತ್ತಿ ಸಿಕ್ಕಿಸಿದ್ದು ಕಟ್ಟಿದ ಹಾಗೆಯೇ ಕಂಡಿತಂತೆ. ಒಂದು ತುದಿ ಗಂಟು ಇಲ್ಲದಿದ್ದರೆ ವಿಮಾನ ಬೀಳುವುದಿಲ್ಲ ಎಂದರು. ಆದರೆ ಅದು ಸಡಿಲಾದರೆ ಪಕ್ಕದ್ದರ ಮೇಲೆ ಭಾರ ಬೀಳುತ್ತದೆ, ಆಮೇಲೆ ಅದರ ಪಕ್ಕದ್ದು. ಎಷ್ಟು ದಿನಕ್ಕೆ, ಎಷ್ಟು ಗಾಳಿಗೆ ಎಂದು ಯಾರಿಗೆ ಗೊತ್ತು.

“ಗೊತ್ತಿಲ್ಲದೆ ಸೈನ್ ಮಾಡಿದ್ರೆ ಅದು ಬೇರೆ ಅಕ್ಕ. ಗೊತ್ತಾದ ಮೇಲೆ ನನ್ನ ಕೈ ಹೋಗುದಿಲ್ಲ,” ಎಂದರು.

ಮೊಮ್ಮಗಳು ರಿಜಿಸ್ಟರ್ ಹಿಡಿದುಕೊಂಡು ಹಿಂದೆ ನಿಂತಿದ್ದಳು. ಎಲ್ಲ ಕೇಳಿದ್ದಳು. ಮುಖ ಕೆಂಪಾಗಿತ್ತು. ನನ್ನನ್ನು ಹೊರಗೆ ಕರೆದಳು.

“ಒಂದು ಗಂಟು ಅಜ್ಜಿ. ಜಸ್ಟ್ ಒನ್. ಫಸ್ಟ್ ನನ್ನ ಹತ್ರ ಹೇಳ್ಲಿಕ್ಕೆ ಆಗ್ಲಿಲ್ವಾ?”

“ನಿನ್ನ ಹತ್ರ ಹೇಳಿದ್ರೆ ನೀನು ಎಂತ ಮಾಡ್ತಿದ್ದಿ?”

ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದಳು ಅವಳು.

“ನೀನು ಮೇಲೆ ಇರುವಾಗ ನಾನು ಕೆಳಗೆ ಕೂತು ಆ ಗಂಟನ್ನೇ ನೆನೆಸ್ತಾ ಇರ್ಬೇಕಾ? ನನಗೆ ಅಡುಗೆ ಉಂಟು,” ಎಂದೆ.

ಅದು ಒರಟಾಯಿತು ಎಂದು ಈಗ ಅನ್ನಿಸುತ್ತದೆ. ಆಗ ಬೇರೆ ಮಾತು ಬರಲಿಲ್ಲ. ಅವಳು ರಿಜಿಸ್ಟರನ್ನು ನನ್ನ ಕೈಗೆ ತುರುಕಿ ಮನೆಗೆ ಹೋದಳು.

ಕ್ಯಾಪ್ಟನ್ ಬೈಯಲಿಲ್ಲ. ಎಲ್ಲಿ ಎಂದು ಕೇಳಿದರು. ತೋರಿಸಿದೆ. ಬ್ಲೇಡಿನಿಂದ ಪಟ್ಟಿಯನ್ನು ಗೇಣುದ್ದ ಎಬ್ಬಿಸಿದರು. ದಾರದ ತುದಿ ಬೆರಳುದ್ದ, ನಾನು ಸಿಕ್ಕಿಸಿದ ಹಾಗೆಯೇ ಮಲಗಿತ್ತು. ಅದನ್ನು ನೋಡಿದಾಗ ನನಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು. ಅಲ್ಲೇ ನಿಂತು ಬಿಗಿದೆ.

ಇನ್‌ಸ್ಪೆಕ್ಟರ್ ಬಂದಾಗ ರೆಕ್ಕೆಯ ಮೇಲೆ ಹಳದಿಯ ನಡುವೆ ಬೆಳ್ಳಗಿನ ಪಟ್ಟಿ ಇತ್ತು. ಅವರು ಕೇಳಿದರು, ಕ್ಯಾಪ್ಟನ್ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇನ್‌ಸ್ಪೆಕ್ಟರ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಮೀನಿನ ವಾಸನೆ ಇಟ್ಟುಕೊಂಡು ನಿಂತಿದ್ದೆ. ದಾರ ಕೊಟ್ಟು ಒಂದು ಕೋಲಿಗೆ ಗಂಟು ಹಾಕಲು ಹೇಳಿದರು. ಹಾಕಿದೆ. ಇನ್ನೊಂದು ಎಂದರು. ಹಾಕಿದೆ. ಕಣ್ಣು ಮುಚ್ಚಿ ಹಾಕಲೇ ಎಂದು ಹಿಂದಿಯಲ್ಲಿ ಕೇಳಿದೆ. ಬೇಡ ಎಂದರು, ನಗಲಿಲ್ಲ.

ಆಮೇಲೆ ಅವರೇ ಬಲ ರೆಕ್ಕೆಯಲ್ಲಿ ಎರಡು ಕಡೆ, ಎಡದಲ್ಲಿ ಒಂದು ಕಡೆ, ತಮಗೆ ಬೇಕಾದಲ್ಲಿ ಪಟ್ಟಿ ಎಬ್ಬಿಸಿದರು. ಬ್ಲೇಡು ಹೋಗುವುದನ್ನು ನೋಡಿ ಪೊರ್ಬುಗಳು ಬೆನ್ನು ತಿರುಗಿಸಿ ನಿಂತರು. ಮೂರು ಕಡೆಯೂ ಗಂಟುಗಳು ಸರಿ ಇದ್ದವು. ಆದರೆ ಎರಡು ಕಡೆ ಅವರ ಬ್ಲೇಡಿಗೆ ದಾರವೂ ಸಿಕ್ಕಿ ತುಂಡಾಗಿತ್ತು. ಅದನ್ನು ಹೊಸದಾಗಿ ಹೊಲಿದು, ಪಟ್ಟಿ ಹಾಕಿ, ಬಣ್ಣ ಒಣಗಿದ ಮೇಲೆ ಬರುತ್ತೇನೆ ಎಂದರು. ಹನ್ನೆರಡು ದಿನದ ಮೇಲೆ, ಫೆರ್ರಿ ಇದ್ದರೆ. ಫೆರ್ರಿ ಇರುವುದು ಗಾಳಿ ಇಲ್ಲದಿದ್ದರೆ.

ಮನೆಯಲ್ಲಿ ಮೊಮ್ಮಗಳು ನನ್ನ ಹತ್ತಿರ ಮಾತು ಬಿಟ್ಟಿದ್ದಳು. ತಟ್ಟೆ ಇಟ್ಟರೆ ತಿನ್ನುತ್ತಿದ್ದಳು, ಎದ್ದು ಹೋಗುತ್ತಿದ್ದಳು. ಮಗಳು ನಡುವೆ ಸಿಕ್ಕಿ, ಇಬ್ಬರೂ ಒಂದೇ ಜಾತಿಯ ಕತ್ತೆಗಳು ಎಂದು ನಮಗೆ ಕೇಳುವ ಹಾಗೆ ಗೋಡೆಗೆ ಹೇಳಿದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅವಳ ಸಿಟ್ಟು ನ್ಯಾಯದ್ದೇ. ತಪ್ಪು ಮಾಡಿದವಳು ನಾನು, ಕಳೆದುಕೊಳ್ಳುವವಳು ಅವಳು.

ಕತ್ತರಿಸಿದಲ್ಲಿ ಹೊಲಿಯಲು ರೆಕ್ಕೆಯನ್ನು ಮತ್ತೆ ಬಿಚ್ಚಿ ನಿಲ್ಲಿಸಿದರು. ಆ ಕಡೆ ನಿಂತು ಸೂಜಿ ಹಿಡಿಯಲು ಪೊರ್ಬುಗಳೇ ಬಂದರು. ಅವರ ಕಣ್ಣಿಗೆ ತೂತು ಸಿಗದೆ ಸೂಜಿ ಎರಡು ಸಲ ಮರಕ್ಕೆ ತಾಗಿತು. ಮೂರನೆಯ ಸಲ ನಾನು ತಳ್ಳಿದ ಸೂಜಿ ಆ ಕಡೆಯಿಂದ ಸರಾಗವಾಗಿ ಹೋಯಿತು, ಹೋದಷ್ಟೇ ನೆಟ್ಟಗೆ ತಿರುಗಿ ಬಂತು. ಪೊರ್ಬುಗಳ ಕೈ ಅದಲ್ಲ ಎಂದು ಗೊತ್ತಾಯಿತು. ಸೂಜಿ ಹೋಯಿತು, ಬಂತು. ಸಂಜೆ ಬಿಸಿಲು ಶೆಡ್ಡಿನ ಒಳಗೆ ಬರುವವರೆಗೆ ಹಾಗೆ ನಡೆಯಿತು.

ಕೊನೆಯದು ಉಳಿದಿತ್ತು. ನನ್ನ ಕೈ ದಾರ ಸುತ್ತಿ ನಿಂತಿತು, ಅಭ್ಯಾಸ.

“ಅಜ್ಜಿ,” ಎಂದಳು ಆ ಕಡೆಯಿಂದ. “ಕಟ್ಟಿ ಆಯ್ತಾ?”

“ಕಟ್ತಾ ಇದ್ದೇನೆ.”

“ಆದ ಮೇಲೆ ಹೇಳಿ. ನಾನು ಬಂದು ನೋಡ್ಬೇಕು.”

ಬಿಗಿದೆ. ಐವತ್ತು ವರ್ಷದಲ್ಲಿ ಮೊದಲ ಸಲ ಸಂಜೆಯ ಕೊನೆಯ ಗಂಟು ಕಟ್ಟಿ ಎದ್ದೆ. ಅವಳು ಈ ಕಡೆಗೆ ಬಂದು ಒಂದೊಂದನ್ನೂ ಉಗುರಿನಿಂದ ಎಳೆದು ನೋಡಿದಳು. ರಿಜಿಸ್ಟರಿನಲ್ಲಿ ಏನೋ ಬರೆದುಕೊಂಡಳು. ಆಮೇಲೆ ಹಸಿವಾಗುತ್ತದೆ ಎಂದಳು.

ಹನ್ನೆರಡನೆಯ ದಿನ ಗಾಳಿ ಎದ್ದಿತು, ಫೆರ್ರಿ ಬರಲಿಲ್ಲ. ಹದಿಮೂರನೆಯ ದಿನವೂ ಇಲ್ಲ. ಅವಳು ಜೆಟ್ಟಿಗೆ ಹೋಗಿ ನಿಂತು ಬಂದಳು. ಕಂಬದ ಮೇಲಿನ ನನ್ನ ಚೀಲ ಹಲಗೆಯ ಹಾಗೆ ಅಡ್ಡ ನಿಂತಿತ್ತು. ಅವಳ ಊರಿನ ಟಿಕೆಟಿಗೆ ಒಂಬತ್ತು ದಿನ ಉಳಿದಿತ್ತು. ಹದಿನಾಲ್ಕನೆಯ ದಿನ ಚೀಲ ಸ್ವಲ್ಪ ಜೋತಿತು, ಫೆರ್ರಿ ಬಂತು, ಇನ್‌ಸ್ಪೆಕ್ಟರ್ ಇಳಿದರು. ಸಮುದ್ರಕ್ಕೆ ವಾಂತಿ ಮಾಡಿ ಸೋತಿದ್ದರು. ಮೊದಲು ಗಂಜಿ ಕೊಟ್ಟೆ, ಜೊತೆಗೆ ಉಪ್ಪಿನಕಾಯಿ. ಆಮೇಲೆ ರೆಕ್ಕೆ ನೋಡಿದರು, ಬೆರಳಿಂದ ಹೊಡೆದು ನೋಡಿದರು, ಸಹಿ ಹಾಕಿದರು. ಸಹಿ ಗಂಜಿಗೋಸ್ಕರ ಹಾಕಿದ್ದಲ್ಲ ಎಂದರೆ ಪೊರ್ಬುಗಳು ಇವತ್ತಿಗೂ ಒಪ್ಪುವುದಿಲ್ಲ.

ಗಾಳಿಗಾಲ ಶುರುವಾದರೂ ಬೆಳಗಿನ ಮೊದಲ ಒಂದು ಗಂಟೆ ಕೆಲವು ದಿನ ನಿಂತಿರುತ್ತದೆ. ಕ್ಯಾಪ್ಟನ್ ಮೊದಲು ತಾವೇ ಹಾರಿಸಿ ನೋಡಿದರು. ಆಮೇಲೆ ಮೂರು ಬೆಳಿಗ್ಗೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದರು. ನಾಲ್ಕನೆಯ ಬೆಳಿಗ್ಗೆ ಗಾಳಿ. ಐದನೆಯ ಬೆಳಿಗ್ಗೆ ಚೀಲ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಅವರಿಬ್ಬರೂ ಒಂದು ಸುತ್ತು ಹಾಕಿ ಇಳಿದರು. ಕ್ಯಾಪ್ಟನ್ ರನ್‌ವೇಯ ತುದಿಯಲ್ಲಿ ವಿಮಾನದಿಂದ ಇಳಿದು, ಬಾಗಿಲು ಹಾಕಿ, ನಡೆದುಕೊಂಡು ನಮ್ಮ ಕಡೆ ಬಂದರು.

ನಾನು ಆಡು ಓಡಿಸಿ ಬಂದು ಸಿಗಡಿ ಸುಲಿಯಲು ಕೂತಿದ್ದೆ. ನೋಡಲಿಲ್ಲ ಎಂದು ಹೇಳುವ ಆಸೆ ಇದೆ, ಆದರೆ ನೋಡಿದೆ. ಹಳದಿಯದ್ದು ಓಡಿತು, ಎದ್ದಿತು. ಎರಡು ಜನರ ಬದಲು ಒಬ್ಬಳೇ ಇದ್ದದ್ದಕ್ಕೆ ಬೇಗ ಎದ್ದಿತು ಎಂದು ಪೊರ್ಬುಗಳು ಹೇಳಿದರು. ಸಮುದ್ರದ ಮೇಲೆ ತಿರುಗಿತು. ಬಿಸಿಲು ರೆಕ್ಕೆಯ ಮೇಲೆ ಬಿದ್ದಾಗ ಪಟ್ಟಿಗಳ ಸಾಲು ಒಂದೊಂದಾಗಿ ಕಂಡಿತು. ಎಡದ್ದರಲ್ಲಿ ತುದಿಯಿಂದ ಒಂಬತ್ತು ಎಣಿಸಿದೆ. ಅಷ್ಟು ಹೊತ್ತಿಗೆ ಅದು ಆ ಕಡೆ ವಾಲಿತು. ಸುತ್ತಿ ಬಂದು ಇಳಿಯಿತು, ಇಳಿಯುವಾಗ ಒಂದು ಸಲ ಕುಪ್ಪಳಿಸಿತು. ನನ್ನ ಮಡಿಲಿನ ಸಿಗಡಿ ಎಲ್ಲ ಸಿಪ್ಪೆಯ ಪಾತ್ರೆಗೆ ಹೋಗಿತ್ತು, ಸಿಪ್ಪೆ ಎಲ್ಲ ಸಿಗಡಿಯ ಪಾತ್ರೆಗೆ.

ಇಳಿದವಳು ಮೊದಲು ಬಂದದ್ದು ನನ್ನ ಹತ್ತಿರ ಅಲ್ಲ, ಪೊರ್ಬುಗಳ ಹತ್ತಿರ. ಅದು ಸರಿಯೇ. ಆಮೇಲೆ ನನ್ನ ಹತ್ತಿರ ಬಂದು ನಿಂತಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ರೆಕ್ಕೆ ಸುಮ್ನೆ ಇತ್ತು ಅಜ್ಜಿ. ಒಂದು ಸೌಂಡ್ ಇಲ್ಲ,” ಎಂದಳು.

ಹಾರುವವರಲ್ಲಿ ಒಂದು ಪದ್ಧತಿ ಇದೆಯಂತೆ. ಮೊದಲ ಸಲ ಒಬ್ಬರೇ ಹಾರಿದವರ ಅಂಗಿಯ ಹಿಂದಿನ ತುದಿಯನ್ನು ಗುರು ಕತ್ತರಿಸಿ, ಹೆಸರು ಬರೆದು ಗೋಡೆಗೆ ಹಾಕುತ್ತಾರೆ. ಕ್ಯಾಪ್ಟನ್ ಕತ್ತರಿ ಹಿಡಿದು ಬಂದು, ಒಳ್ಳೆಯ ಕಾಟನ್ ಅಂಗಿಯನ್ನು ಮೊಳ ಅಗಲಕ್ಕೆ ಕತ್ತರಿಸಿದರು. ನಾನು ಬೈದೆ. ಅವರು ನಕ್ಕು, ಇದು ಸಂಪ್ರದಾಯ ಮಾಮಾ ಎಂದರು. ಇಲ್ಲಿನವರು ವಯಸ್ಸಾದ ಹೆಂಗಸಿಗೆ ಮಾಮಾ ಎನ್ನುವುದು. ನಮ್ಮ ಮನೆಯ ರೂಢಿಯಿಂದ ಇಷ್ಟೆಲ್ಲ ರಾದ್ಧಾಂತ ಆದ ಮೇಲೆ ಇನ್ನೊಬ್ಬರ ರೂಢಿಗೆ ಬೈಯಲು ನನಗೆ ಮುಖ ಇರಲಿಲ್ಲ.

ಅವಳು ಅದೇ ಅಂಗಿ ಹಾಕಿಕೊಂಡು ಊರಿಗೆ ಹೋಗುತ್ತೇನೆ ಎಂದು ಹಟ ಮಾಡಿದಳು. ಹರಿದದ್ದನ್ನು ಹಾಕಿಕೊಂಡು ಹೋದರೆ ನೋಡುವವರು ಏನೆಂದುಕೊಳ್ಳುತ್ತಾರೆ ಎಂದು, ಹೊರಡುವ ಹಿಂದಿನ ಸಂಜೆ ಕೂತು ಕತ್ತರಿಸಿದ ಅಂಚನ್ನು ಮಡಚಿ ಹೊಲಿದೆ. ಅವಳು ಪೆಟ್ಟಿಗೆ ತುಂಬುತ್ತಾ ನೋಡುತ್ತಿದ್ದಳು. ನಾನು ದಾರ ಕಡಿದು ಅಂಗಿ ಕೊಟ್ಟೆ. ಅವಳಿಗೆ ಈಗ ಅಭ್ಯಾಸ ಆಗಿತ್ತು, ಅಂಚನ್ನು ಬೆರಳಿನಿಂದ ಸವರಿಕೊಂಡು ಹೋಗಿ ಕೊನೆಯಲ್ಲಿ ನಿಂತಳು.

“ಅಜ್ಜಿ, ಕೊನೆಯದ್ದು ಕಟ್ಟಲಿಲ್ಲ.”

“ಅದು ಅಂಗಿ. ಅದರಲ್ಲಿ ಬಿಡ್ಬಹುದು. ರಜೆಗೆ ಬಂದಾಗ ತಾ, ಕಟ್ತೇನೆ.”

ಅವಳು ಮತ್ತೆ ಸವರಿ ನೋಡಿ, ಮಡಚಿ, ಬೆಳಿಗ್ಗೆ ಹಾಕಿಕೊಳ್ಳಲು ಪೆಟ್ಟಿಗೆಯ ಮೇಲೆ ಇಟ್ಟಳು.

ಈಗ ಗಾಳಿ ನಿಂತಿದೆ, ಚಳಿ ಬಂದಿದೆ. ಕಳೆದ ವಾರ ಫೋನಿನಲ್ಲಿ, ದಾರ ಇನ್ನೂ ಹಾಗೆಯೇ ಇದೆ, ಡಿಸೆಂಬರಿಗೆ ಟಿಕೆಟ್ ಮಾಡಿದ್ದೇನೆ ಎಂದಳು, ಕನ್ನಡದಲ್ಲಿಯೇ. ಮೊನ್ನೆ ಊಟಕ್ಕೆ ಕೂತ ಹಲ್ಲಿನ ಡಾಕ್ಟರು, ತಮ್ಮ ವಿಮಾನ ತಗಡಿನದ್ದಾದರೂ ಬಾಲದ ಅಲ್ಲಾಡುವ ತುಂಡು ಬಟ್ಟೆಯದ್ದೇ, ಅದಕ್ಕೆ ಹೊಸದು ಹೊದಿಸುವುದಿದೆ, ಹೊಲಿದು ಕೊಡುತ್ತೀರಾ ಎಂದು ಕೇಳಿದರು. ಕೊಡುತ್ತೇನೆ, ಆದರೆ ಸಂಜೆ ಎಲ್ಲ ಗಂಟನ್ನೂ ಕಟ್ಟಿಯೇ ಏಳುವುದು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಂಗುಡೆ ಇನ್ನೊಂದು ಹಾಕಿ ಎಂದರು.